ಗ ಬಳ್ಳಿಯ ಹೂಗಳು

ನಮ್ಮ ಸೋದರಮಾವನಷ್ಟು ಧೈರ್ಯವಂತ ಇಡೀ ಕಲ್ಯಾಣದಲ್ಲಿ ಇನ್ನೊಬ್ಬನಿರಲಿಲ್ಲ. ತೋಟದಲ್ಲಿ ಹಾವು ಕಂಡರೆ ಬಾಲ ಹಿಡಿದು ಬೇಲಿಯಾಚೆ ಎಸೆದು, ಕೈ ಒರೆಸಿಕೊಂಡು ಊಟಕ್ಕೆ ಕೂಡುತ್ತಿದ್ದ. ಆರಡಿ ಎತ್ತರದ ಪೈಲವಾನನೊಬ್ಬ ಬಿಟ್ಟಿ ಹೂಮಾಲೆ ಕೇಳಿದಾಗ "ಇದೇನು ನಿಮ್ಮಪ್ಪನ ತೋಟ ಅಲ್ಲ" ಎಂದು ಅವನ ಎದೆಗೇ ಬೆರಳು ತಿವಿದು ಹೇಳಿದವನು. ಅಂಥ ಮಾವ ಜಗತ್ತಿನಲ್ಲಿ ಹೆದರುತ್ತಿದ್ದದ್ದು ಒಂದಕ್ಕೆ ಮಾತ್ರ. ಗುಲಾಬಿ ಹೂವಿಗೆ! ಈಗಲೇ ನಗಬೇಡಿ, ಅವನ ಕಸುಬು ಕೇಳಿದ ಮೇಲೆ ಒಟ್ಟಿಗೇ ನಗುವಿರಂತೆ. ನಮ್ಮ ಮಾವ ಹೂಗಾರ.

ಹೂಗಾರನೆಂದರೆ ಹೆಸರಿಗಷ್ಟೇ ಅಲ್ಲ. ಗುಡಿಗೆ ಹೂವು, ಪತ್ರಿ ಅವನೇ ಕೊಡಬೇಕು. ಮದುವೆಗೆ ಬಾಸಿಂಗ, ದಂಡೆ ಅವನೇ ಕಟ್ಟಬೇಕು. ಮುಸಲ್ಮಾನರ ಮದುವೆಯಾದರೆ ಮದುಮಗನ ಮುಖಕ್ಕೆ ಇಳಿಬಿಡುವ ಹೂವಿನ ಸೆಹರಾಕ್ಕೂ ಅವನ ಬಾಗಿಲಿಗೇ ಬರಬೇಕು. ಕೆರೆಯ ಹಿಂದೆ ಅವನ ತೋಟ. ಅದರಲ್ಲಿ ಒಂದು ಕಾಲದಲ್ಲಿ ಎರಡು ಸಾಲು ಗುಲಾಬಿ ಇದ್ದವಂತೆ. ನಾನು ಅವನ ಅಕ್ಕನ ಮಗಳು, ಹುಮನಾಬಾದಿನವಳು. ನಾನು ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಆ ಸಾಲುಗಳಲ್ಲಿ ಬದನೆಗಿಡ ಇದ್ದವು.

ಇದಕ್ಕೆಲ್ಲ ಕಾರಣ ಗೇಣುದ್ದದ ಒಂದು ಚೀಟಿ.

ಮಾವನಿಗೂ ಅವನ ಹೆಂಡತಿ ನಮ್ಮ ಅತ್ತಿಗೂ ಮೂರು ಮಕ್ಕಳು ಹುಟ್ಟಿ ವರ್ಷ ತುಂಬುವ ಮೊದಲೇ ಹೋಗಿದ್ದವು. ಒಂದು ಜ್ವರಕ್ಕೆ, ಒಂದು ವಾಂತಿಭೇದಿಗೆ. ಮೂರನೆಯದು ಯಾವುದಕ್ಕೆಂದು ಯಾರಿಗೂ ತಿಳಿಯಲಿಲ್ಲ, ತೊಟ್ಟಿಲಲ್ಲಿ ಮಲಗಿದ್ದು ಏಳಲೇ ಇಲ್ಲ. ನಾಲ್ಕನೆಯದು ಹೆಣ್ಣು. ಗುಬ್ಬಿಮರಿಯಷ್ಟೇ ಇತ್ತು. ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಎನ್ನುತ್ತಾರಲ್ಲ, ಹಾಗೇ ಎಲ್ಲರೂ ಅದನ್ನು ಚಿಮಣಿ ಎಂದೇ ಕರೆದರು. ಮಾವ ಹನ್ನೆರಡನೆಯ ದಿನ ಹುಮನಾಬಾದಿಗೆ ನಡೆದುಬಂದು ಅಲ್ಲಿಯ ಮುದುಕ ಜೋಶಿಯೊಬ್ಬರ ಮುಂದೆ ಕೂತ. ಜೋಶಿಯವರ ಮಾತು ಮರಾಠಿ, ಬರಹ ಮೋಡಿ, ಅಂದರೆ ಮರಾಠಿಯ ಹಳೆಯ ಕೂಡುಬರಹ. ಕಿವಿ ಮಂದ, ಬಾಯಲ್ಲಿ ಹಲ್ಲಿಲ್ಲ. ಹುಟ್ಟಿದ ಗಳಿಗೆ ಕೇಳಿ, ಬೆರಳು ಎಣಿಸಿ, ಚೀಟಿಯಲ್ಲಿ ಒಂದೇ ಒಂದು ಸಾಲು ಬರೆದು, ಅರಿಷಿಣ ಹಚ್ಚಿ ಕೊಟ್ಟರು. ಬಾಯಿಂದಲೂ ಏನೋ ಹೇಳಿದರಂತೆ. ಮಾತಿಗಿಂತ ಗಾಳಿಯೇ ಹೆಚ್ಚು ಬಂತಂತೆ.

ಮಾವನಿಗೆ ಸಂತೆಯಲ್ಲಿ ಭಾವ ಕೇಳುವಷ್ಟು ಮರಾಠಿ ಬರುತ್ತಿತ್ತೇ ಹೊರತು ಓದು ಬರುತ್ತಿರಲಿಲ್ಲ. ಕಲ್ಯಾಣಕ್ಕೆ ಬಂದು, ಮೋಡಿ ಓದಬಲ್ಲೆನೆಂದು ಹೇಳಿಕೊಂಡು ತಿರುಗುವ ಒಬ್ಬ ಗುಮಾಸ್ತನಿಗೆ ಚೀಟಿ ತೋರಿಸಿದ. ನೀವು ಮೋಡಿ ಬರಹ ನೋಡಿದ್ದೀರೋ ಇಲ್ಲವೋ! ಅದರಲ್ಲಿ ಶಬ್ದಕ್ಕೂ ಶಬ್ದಕ್ಕೂ ನಡುವೆ ಜಾಗ ಬಿಡುವ ಪದ್ಧತಿಯೇ ಇಲ್ಲ. ಬರೆಯುವವ ಲೇಖನಿ ಎತ್ತದೆ ಎಳೆದುಕೊಂಡು ಹೋಗುತ್ತಾನೆ, ಓದುವವ ತನಗೆ ತಿಳಿದಲ್ಲಿ ಕತ್ತರಿಸಿಕೊಳ್ಳಬೇಕು. ಹ್ರಸ್ವವೋ ದೀರ್ಘವೋ ಅದೂ ಅವನ ಪಾಲಿಗೇ ಬಿಟ್ಟದ್ದು. ಗುಮಾಸ್ತ ಚೀಟಿಯನ್ನು ಬಿಸಿಲಿಗೆ ಹಿಡಿದು, ಒಂದೊಂದೇ ತುಂಡು ಮಾಡಿ ಓದಿದ.

"ಮೂಲ... ಗೀ... ಫುಲಾ... ಗತ... ಜಪಾವೀ."

"ಹಂಗಂದ್ರ ಏನ್ರಿ?" ಎಂದ ಮಾವ.

"ಮೂಲ ಅಂದ್ರ ಬೇರು. ಕೇಡಿನ ಬೇರು ಅಂತ ತಿಳಕೋ. ಗೀ ಅಂದ್ರ ಗ ಬಳ್ಳಿ. ಫುಲಾ ಅಂದ್ರ ಹೂವು. ಗತ ಅಂದ್ರ..." ಗುಮಾಸ್ತ ಸ್ವಲ್ಪ ತಡೆದ. "ಗತ ಅಂದ್ರ ಹೋತು. ಜಪಾವೀ ಅಂದ್ರ ಜ್ವಾಕಿ. ಗ ಬಳ್ಳಿಯ ಹೂವಿನಿಂದ ಕೂಸಿಗಿ ಗಂಡಾಂತರ ಅದ, ಜ್ವಾಕಿ ಇರು ಅಂತ ಬರದಾರ ನೋಡು."

ನಮ್ಮ ಕಡೆ ಶಾಲೆಯ ಮಕ್ಕಳು ಗ ಗಾ ಗಿ ಗೀ ಎಂದು ಸಾಲಾಗಿ ಹೇಳುವುದಕ್ಕೆ ಬಳ್ಳಿ ಎನ್ನುತ್ತಾರೆ. ಶಾಲೆ ಕಾಣದ ಮಾವನಿಗೆ ಬಳ್ಳಿ ಎಂದರೆ ಮಲ್ಲಿಗೆ ಬಳ್ಳಿ. ಅವನು ಮೊದಲು ತೋಟದ ಎಲ್ಲ ಬಳ್ಳಿಗಳನ್ನೂ ಕಿತ್ತು, ಆಮೇಲೆ ಅದು ಗ ಅಕ್ಷರದಿಂದ ಶುರುವಾಗುವ ಹೂವು ಎಂದು ಯಾರೋ ತಿಳಿಸಿ ಹೇಳಿದ ಮೇಲೆ ಮತ್ತೆ ನೆಟ್ಟ! ಗುಲಾಬಿಯನ್ನು ಮಾತ್ರ ಬೇರುಸಹಿತ ತೆಗೆದು ಊರಾಚೆ ಸುಟ್ಟು ಬಂದ. ಚೀಟಿಯನ್ನು ತಗಡಿನ ತಾಯತದಲ್ಲಿ ಮಡಿಸಿಟ್ಟು ಕೂಸಿನ ರಟ್ಟೆಗೆ ಕಟ್ಟಿದ. ತಾಯತ ಒಮ್ಮೆ ಕಟ್ಟಿದರೆ ಬಿಚ್ಚುವಂತಿಲ್ಲ. ಜೋಶಿಯವರನ್ನೇ ಇನ್ನೊಮ್ಮೆ ಕೇಳೋಣವೆಂದರೆ ಅವರು ಆ ಚಳಿಗಾಲದಲ್ಲೇ ತೀರಿಕೊಂಡರು. ಚಿಮಣಿ ಮಾತ್ರ ವರ್ಷ ತುಂಬಿ, ಎರಡು ತುಂಬಿ, ಅಂಗಳದಲ್ಲಿ ಓಡಾಡತೊಡಗಿತು. ಚೀಟಿ ಖರೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗುಲಾಬಿ, ಗೊರಟಿಗೆ ಎರಡನ್ನು ಬಿಟ್ಟು ಬದುಕಬಹುದಿತ್ತು. ಗಣಗಿಲ ಹೂವಿನದೂ ಒಂದು ತಕರಾರು ಎದ್ದಿತ್ತು. ಪುಸ್ತಕದಲ್ಲಿ ಅದು ಕಣಗಿಲೆ ಎಂದು ಶಾಲೆಯ ಮಾಸ್ತರರು ಹೇಳಿದ ಮೇಲೆ ಮಾವ ಮನೆಯವರೆಲ್ಲರಿಗೂ ಕಣಗಿಲೆ, ಕಣಗಿಲೆ ಎಂದು ಹತ್ತು ಸಲ ಹೇಳಿಸಿ ರೂಢಿ ಮಾಡಿಸಿದ್ದ. ಅತ್ತಿಯ ನಾಲಿಗೆ ಒಮ್ಮೆ ಜಾರಿ ಗಣಗಿಲ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಆಗ ಬಂದರು ನೋಡಿ, ಉರ್ದು ಮದರಸದ ಮುನ್ಷಿ ಸಾಹೇಬರು. ತಮ್ಮನ ಮದುವೆಗೆ ಸೆಹರಾ ಕಟ್ಟಿಸಬೇಕಾಗಿತ್ತು. ಬಹಳ ಸಂಭಾವಿತ ಮನುಷ್ಯ. ಮಾವನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದರು:

"ಏನಪಾ, ಗುಲೇದಾವೂದಿ ಸಿಗತಾದೇನು ಈ ದಿನದಾಗ?"

ಮಾವ ಬೆಚ್ಚಿ, "ಅದ್ಯಾವ ಹೂವ್ರೀ ಅದು?" ಎಂದ.

"ಅರೇ, ನಿನ್ನ ಮುಂದೇ ಬುಟ್ಟಿ ತುಂಬ ಅದಲ್ಲೋ! ನೀವು ಶಾವಂತಿಗಿ ಅಂತೀರಿ ನೋಡು, ಅದೇ."

ಬುಟ್ಟಿಯ ಹತ್ತಿರ ಚಿಮಣಿ ಆಡುತ್ತ ಕೂತಿತ್ತು. ಮಾವ ಎದ್ದವನೇ ಬುಟ್ಟಿಯನ್ನು ಕಾಲಿನಿಂದ ಅಂಗಳಕ್ಕೆ ಒದ್ದ. ಮುನ್ಷಿ ಸಾಹೇಬರು ಗಾಬರಿಯಾಗಿ ಏನು, ಎಂತು ಎಂದು ಕೇಳಿ ತಿಳಿದುಕೊಂಡರು. ಅಷ್ಟಕ್ಕೇ ಸುಮ್ಮನಾಗಬಾರದೇ? ಕಲಿಸುವ ಚಟ ಅವರಿಗೆ. "ಹಂಗಂದ್ರ ಭಾಳ ಮುಶ್ಕಿಲ್ ಆಯ್ತಲ್ಲೋ," ಎಂದು ಬೆರಳು ಮಡಚತೊಡಗಿದರು. "ನಿಮ್ಮ ಚಂಡು ಹೂವು ನಮ್ಮಲ್ಲಿ ಗೇಂದಾ. ದಾಸಾಳ ಅಂದ್ರ ಗುಡಹಲ್. ಸಂಜಿಮಲ್ಲಿಗಿ ಗುಲೇಅಬ್ಬಾಸ್. ಖರೆ ಕೇಳಿದ್ರ ಫಾರಸಿದಾಗ ಹೂವು ಅಂದ್ರೇನೇ ಗುಲ್!"

ಮಾವ ಕಂಬ ಹಿಡಿದುಕೊಂಡ.

"ಮತ್ತೊಂದು ಮಜಾ ಏನಪಾ ಅಂದ್ರ," ಎಂದು ಮುನ್ಷಿ ಸಾಹೇಬರು ಎಲೆಯಡಿಕೆ ಉಗುಳಿ ಬಂದು ಮುಂದುವರಿಸಿದರು, "ದೀಪ ಆರೋದಕ್ಕೂ ಗುಲ್ ಆಗೋದು ಅಂತೀವಿ. ಚಿಮಣಿ ಗುಲ್ ಹೋ ಗಯೀ, ಅಂತ."

ಮನೆಯಲ್ಲಿ ಉರಿಸುವ ಸೀಮೆಎಣ್ಣೆ ಬುಡ್ಡಿಗೂ ನಮ್ಮಲ್ಲಿ ಚಿಮಣಿ ಎಂದೇ ಹೆಸರು. ಪಾಪ, ಅವರು ಹೇಳಿದ್ದು ಅದನ್ನು. ಮಾವ ಕೇಳಿಸಿಕೊಂಡದ್ದು ಮಗಳ ಹೆಸರನ್ನು. ಅವತ್ತು ಮಲಗಿದವನು ಮೂರು ದಿನ ಏಳಲಿಲ್ಲ.

ನಾಲ್ಕನೆಯ ದಿನ ನಮ್ಮ ಅವ್ವ ಹುಮನಾಬಾದಿನಿಂದ ನನ್ನನ್ನೂ ಕರೆದುಕೊಂಡು ತಮ್ಮನಿಗೆ ಬುದ್ಧಿ ಹೇಳಲು ಹೋದಳು. "ಅಲ್ಲೋ, ನಾವು ಕನ್ನಡ ಮಾತಾಡೋ ಮಂದಿ. ನಮ್ಮ ಹೂವಿಗಿ ನಮ್ಮ ಹೆಸರು. ಅವರ ಗುಲ್ ತಗೊಂಡು ನಿನಗೇನಾಗಬೇಕೋ?"

"ಅಕ್ಕಾ," ಎಂದ ಮಾವ, ಹಾಸಿಗೆಯಲ್ಲಿ ಎದ್ದು ಕೂತು. "ನಮ್ಮ ಹೊಲದ ಕಾಗದ ಯಾವುದರಾಗ ಅವ?"

"ಉರ್ದುದಾಗ."

"ಕಚೇರಿ?"

"ಉರ್ದು."

"ಪೊಲೀಸು, ತಹಶೀಲು, ದವಾಖಾನಿ?"

"ಎಲ್ಲಾ ಉರ್ದು, ಸರಕಾರದ ಭಾಷಾನೇ ಅದಲ್ಲ. ಅದಕ್ಕೇನೀಗ?"

"ಮತ್ತ ಬ್ರಹ್ಮನ ದಫ್ತರ ಒಂದು ಕನ್ನಡದಾಗ ಇರತದೇನು?"

ಅವ್ವ ಎದ್ದು ಒಲೆ ಹೊತ್ತಿಸಲು ಹೋದಳು. ನಿಮಗೆ ಉತ್ತರ ಹೊಳೆದರೆ ಹೇಳಿ.

ಅಲ್ಲಿಂದ ಮುಂದೆ ಮಾವನ ತೋಟಕ್ಕೆ ಬರುವ ಪ್ರತಿಯೊಂದು ಹೂವೂ ಮೂರು ಭಾಷೆಯ ಪರೀಕ್ಷೆಗೆ ಕೂಡಬೇಕಾಯಿತು. ಕನ್ನಡಕ್ಕೆ ಶಾಲೆಯ ಮಾಸ್ತರರು, ಉರ್ದುವಿಗೆ ಮುನ್ಷಿ ಸಾಹೇಬರು, ಮರಾಠಿಗೆ ಬಳೆಗಾರ್ತಿ ಮುದುಕಿ. ಮೂರರಲ್ಲಿ ಒಂದರಲ್ಲಿ ಹೆಸರಿನ ಮೊದಲಿಗೆ ಗ ಬಂದರೂ ನಪಾಸು. ದಾಸವಾಳ ಉರ್ದುವಿನಲ್ಲಿ ಹೋಯಿತು. ಸಂಜೆಮಲ್ಲಿಗೆ ಉರ್ದು ಮರಾಠಿ ಎರಡರಲ್ಲೂ ಹೋಯಿತು. ಚೆಂಡು ಹೂವು ಕನ್ನಡ ಮರಾಠಿ ದಾಟಿ ಉರ್ದುವಿನಲ್ಲಿ ಬಿತ್ತು. ಕೊನೆಗೆ ಪಾಸಾಗಿ ನಿಂತವು ಮಲ್ಲಿಗೆ, ಸಂಪಿಗೆ, ಕೇದಗೆ, ಕಣಗಿಲೆ. ಮಾರಲು ಇಷ್ಟು ಸಾಕು ಎಂದ ಮಾವ. ಮಗಳ ತಲೆಗೆ ಮಾತ್ರ ಇವೂ ಬೇಡ. ಯಾಕೆಂದರೆ ತೆಲುಗರ ಊರು ಬಹಳ ದೂರವೇನಿಲ್ಲ, ಅವರು ಯಾವುದಕ್ಕೆ ಏನೆನ್ನುತ್ತಾರೋ ಯಾರು ಬಲ್ಲರು!

ಹೀಗೆ ಊರಿನ ಹೆಣ್ಣುಮಕ್ಕಳ ತಲೆಗೆಲ್ಲ ಹೂವು ಕೊಡುವ ಮನೆಯ ಮಗಳು ಹಬ್ಬದ ದಿನವೂ ಹೂವಿಲ್ಲದ ಜಡೆ ಹಾಕಿಕೊಂಡು ತಿರುಗಿದಳು. ಅತ್ತಿ ಒಳಗೊಳಗೇ ಅತ್ತಳು, ಆದರೆ ಗಂಡನಿಗೆ ಎದುರಾಡಲಿಲ್ಲ. ಮೂರು ತೊಟ್ಟಿಲು ಬರಿದಾದ ಮನೆಯಲ್ಲಿ ಎದುರಾಡುವ ಧೈರ್ಯ ಯಾರಿಗಿರುತ್ತದೆ?

ನಮ್ಮ ಮನೆಗೆ ಬಂದರೂ ಮಾವನ ಕಾಟ ತಪ್ಪುತ್ತಿರಲಿಲ್ಲ. ಒಮ್ಮೆ ನಮ್ಮಪ್ಪ ಹುಮನಾಬಾದಿನ ಸಂತೆಯಿಂದ ಬಹಳ ಹೌಸಿನಿಂದ ಹೂಗೋಬಿ ತಂದಿದ್ದ. ಆಗ ಅದು ನಮಗೆ ಹೊಸ ಪದಾರ್ಥ. ಅವ್ವ ಪಲ್ಯ ಮಾಡಿ ಬಡಿಸಿದಳು. ಮಾವ ಎರಡು ತುತ್ತು ತಿಂದು, "ಬೇಷಾಗಿದ, ಏನಿದು?" ಎಂದು ಕೇಳಿದ. ಅಪ್ಪ ಹೇಳಿದ. ಮಾವ ಚಿಮಣಿಯ ಬಾಯಿಗೆ ಬೆರಳು ಹಾಕಿ ತುತ್ತು ತೆಗೆದು, ಅವಳಿಗೆ ಒಂದು ತಂಬಿಗೆ ಉಪ್ಪುನೀರು ಕುಡಿಸಿದ. "ಹೂವೂ ಅದ, ಗ ನೂ ಅದ. ಒಂದೇ ಏಟಿಗಿ ಕೊಲ್ಲೋ ಅಂಥದ್ದು ತಂದಿಟ್ಟೀರಲ್ಲ ಭಾವ!" ಎಂದು ಅಪ್ಪನ ಮೇಲೆಯೇ ರೇಗಿದ. ಅವನು ತಿಂದ ಎರಡು ತುತ್ತು ಏನಾದವೆಂದು ಅಪ್ಪ ಕೇಳಿದ. ತನಗೇನೂ ಚೀಟಿ ಇಲ್ಲವೆಂದು ಹೇಳಿ ಮಾವ ಮೂರನೆಯದನ್ನೂ ತಿಂದ.

ಇನ್ನೊಮ್ಮೆ ಹುಮನಾಬಾದಿನಲ್ಲೇ ಒಬ್ಬ ಸಾವುಕಾರರ ಮನೆಯ ಮದುವೆ. ಹಂದರದ ಬಾಗಿಲಲ್ಲಿ ಬೆಳ್ಳಿಯ ಗುಲಾಬದಾನಿ ಹಿಡಿದು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಪನ್ನೀರು ಎಂದರೆ ಗುಲಾಬಿಯ ರಸವೇ ಅಲ್ಲವೇ? ಎಲ್ಲರೂ ತಲೆ ಬಗ್ಗಿಸಿ ಮುಂದೆ ಮುಂದೆ ನುಗ್ಗುತ್ತಿದ್ದರೆ ಮಾವ ಮಾತ್ರ ಮಗಳ ಮೇಲೆ ಪಟ್ಟನೆ ಕೊಡೆ ಬಿಚ್ಚಿದ! ಮಳೆಯಿಲ್ಲ, ಬಿಸಿಲಿಲ್ಲ, ಮೇಲೆ ಹಂದರ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊಟ ಮುಗಿಯುವತನಕ ಅವನು ಕೊಡೆ ಮಡಚಲಿಲ್ಲ. ಅದು ಯಾವುದೋ ದೊಡ್ಡ ಮನೆತನದ ಪದ್ಧತಿ ಇರಬೇಕೆಂದು ಜನ ತಿಳಿದರು. ಮುಂದಿನ ತಿಂಗಳು ಹುಡಗಿ ಎಂಬ ಹತ್ತಿರದ ಊರಿನ ಒಂದು ಮದುವೆಯಲ್ಲಿ ಯಾರೋ ಬೀಗರು ತಾವೂ ಕೊಡೆ ಬಿಚ್ಚಿಕೊಂಡು ಬಂದು ಕೂತಿದ್ದರಂತೆ.

ಇಲ್ಲಿಯವರೆಗೆ ನಾನು ನಕ್ಕವಳೇ. ಇನ್ನು ನನ್ನ ಪಾಪದ ಕಥೆ ಹೇಳಬೇಕು.

ನನಗೆ ಹನ್ನೆರಡು, ಚಿಮಣಿಗೆ ಏಳು. ಅತ್ತಿಯ ಮೈ ಸರಿಯಿಲ್ಲವೆಂದು ಚಿಮಣಿಯನ್ನು ಎಂಟು ದಿನಕ್ಕೆ ನಮ್ಮ ಮನೆಗೆ ಕಳಿಸಿದ್ದರು. ಪಕ್ಕದ ಮನೆಯ ಹಿತ್ತಲಲ್ಲಿ ಒಂದು ಗುಲಾಬಿ ಗಿಡ ಇತ್ತು. ಚಿಮಣಿ ಗೋಡೆಯ ಸಂದಿಯಿಂದ ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕೇಳಲಿಲ್ಲ, ಹಟ ಮಾಡಲಿಲ್ಲ. ಹಾಗೆ ನಿಲ್ಲುವುದನ್ನು ನೋಡಲಾಗಲಿಲ್ಲ ನನಗೆ. ಒಂದು ಮಧ್ಯಾಹ್ನ ಒಂದು ಹೂವು ಕಿತ್ತು ತಂದು ಅವಳ ಜಡೆಗೆ ಸಿಕ್ಕಿಸಿ ಕನ್ನಡಿ ಹಿಡಿದೆ. ಅವಳು ನಗಲೂ ಇಲ್ಲ. ಹಿಂದೆ ಕೈ ಹಾಕಿ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡಿದಳು. "ಅಕ್ಕಾ, ಸಾಕು, ತೆಗಿ," ಎಂದಳು ಸ್ವಲ್ಪ ಹೊತ್ತಾದ ಮೇಲೆ.

ಅವತ್ತು ಸಂಜೆ ಅವಳಿಗೆ ಜ್ವರ ಬಂತು.

ಒಂದು ದಿನದ ಜ್ವರವಲ್ಲ. ಒಂಬತ್ತು ದಿನ! ಹಕೀಮರ ಕಷಾಯ, ದವಾಖಾನೆಯ ಕಹಿ ಗುಳಿಗೆ, ಏನು ಕೊಟ್ಟರೂ ನಡುಕ ನಿಲ್ಲಲಿಲ್ಲ. ಊರಲ್ಲಿ ಹತ್ತು ಮನೆಗೆ ಅದೇ ಚಳಿಜ್ವರ ಬಂದಿತ್ತು, ಅದು ನನಗೆ ಗೊತ್ತಿತ್ತು. ಗೊತ್ತಿದ್ದರೇನು? ಹತ್ತು ಮನೆಯಲ್ಲಿ ಯಾರ ಜಡೆಗೂ ನಾನು ಗುಲಾಬಿ ಮುಡಿಸಿರಲಿಲ್ಲವಲ್ಲ! ಮಾವ ಬಂದ. ಮಗಳ ತಲೆದಿಂಬಿನ ಪಕ್ಕ ಕೂತು ಒಂದೇ ಮಾತು ಕೇಳಿದ, "ಏನರ ಮುಟ್ಟಿದ್ಳೇನು?" ಎಂದು. ಅವ್ವ ಇಲ್ಲವೆಂದಳು. ನಾನೂ ಇಲ್ಲವೆಂದೆ. ಅಂದವಳು ಹಿತ್ತಲಿಗೆ ಹೋಗಿ ಗೋಡೆಯ ಆ ಸಂದಿಗೆ ಹಳೆಯ ಅರಿವೆ ತುರುಕಿ ಬಂದೆ.

ಆ ಒಂಬತ್ತು ದಿನದಲ್ಲಿ ನಾನು ಮಾವನಿಗಿಂತ ದೊಡ್ಡ ಹುಚ್ಚಿಯಾದೆ. ಗಡಿಗೆಯಿಂದ ನೀರು ಕುಡಿಯಲಿಲ್ಲ. ಗೋಧಿ ಹುಗ್ಗಿ ಮುಟ್ಟಲಿಲ್ಲ. ಗಂಗವ್ವ ಎಂಬ ಗೆಳತಿ ಆಡಲು ಕರೆದರೆ ಬಾಗಿಲು ಹಾಕಿಕೊಂಡೆ. ಹತ್ತನೆಯ ದಿನ ಚಿಮಣಿ ಎದ್ದು ಕೂತು ಗಂಜಿ ಕೇಳಿದಾಗ, ಅದೂ ಗ ಎಂದು ನೆನಪಾಗಿ, "ಅಂಬಲಿ ಅನ್ನು! ಅಂಬಲಿ ಅನ್ನು!" ಎಂದು ಚೀರಿದೆನಂತೆ. ಅವ್ವ ನನಗೂ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ 'ನಿಮ್ಮ ಮಾವನ ಹುಚ್ಚು' ಎಂದು ಯಾರಾದರೂ ನಗುವಾಗ ನಾನೂ ನಗುತ್ತಿದ್ದೆ. ಆದರೆ ಆ ನಗುವಿನಲ್ಲಿ ಜೀವ ಇರಲಿಲ್ಲ.

ವರ್ಷಗಳು ಹೋದವು. ನನ್ನ ಮದುವೆಯಾಯಿತು, ಒಂದು ಮಗುವೂ ಆಯಿತು. ಚಿಮಣಿಗೆ ಹದಿನೆಂಟಾದರೂ ಗಂಡು ಗೊತ್ತಾಗಲಿಲ್ಲ. ಆ ಕಾಲಕ್ಕೆ ಹದಿನೆಂಟು ಎಂದರೆ ಊರ ಹೆಂಗಸರು ಬಾವಿಯ ಹತ್ತಿರ ದನಿ ತಗ್ಗಿಸಿ ಮಾತಾಡುವ ವಯಸ್ಸು. ಗಂಡುಗಳು ಬರುತ್ತಿದ್ದವು, ಮಾವ ಒಲ್ಲೆ ಎನ್ನುತ್ತಿದ್ದ. ಒಬ್ಬರ ಹೊಲದ ಬದುವಿನಲ್ಲಿ ಗುಲಮೊಹರ್ ಮರ. ಮಂಠಾಳದ ಇನ್ನೊಬ್ಬರ ಮನೆಯ ಗೋಡೆಗೆ ಗುಲಾಬಿ ಬಣ್ಣದ ಸುಣ್ಣ. ಕೊನೆಗೆ ಹುಲಸೂರಿನಿಂದ ಒಂದು ಸಂಬಂಧ ಬಂತು. ಅವರೂ ಹೂವಿನ ಕಸುಬಿನವರೇ. ಹುಡುಗ ನೋಡಲು ಚೆಂದ, ನಡತೆಯೂ ಚೆಂದ. ತಂದೆ ಇಲ್ಲ, ತಾಯಿ, ಅಜ್ಜ ಇದ್ದಾರೆ. ಮಾವ ಗುಟ್ಟಾಗಿ ಎರಡು ಸಲ ಹೋಗಿ ತೋಟ ನೋಡಿಬಂದ. ಮಲ್ಲಿಗೆ ಬಿಟ್ಟು ಏನೂ ಬೆಳೆಯುವುದಿಲ್ಲವಂತೆ! ಚಿಮಣಿಯನ್ನು ಕೇಳಿದರೆ ತಲೆ ಬಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. ಇಷ್ಟು ವರ್ಷದಲ್ಲಿ ಅವಳಿಗೆ ಏನಾದರೂ ಬೇಕು ಅನ್ನಿಸಿದ್ದನ್ನು ನಾನು ನೋಡಿದ್ದು ಅದು ಎರಡನೆಯ ಸಲ.

ನಿಶ್ಚಯದ ದಿನ ಕಲ್ಯಾಣದಲ್ಲಿ ನಾವೆಲ್ಲ ಸೇರಿದೆವು. ಹಾಸಿದ ಜಮಖಾನೆಯ ಮೇಲೆ ಬೀಗರು ಕೂತಿದ್ದರು. ಹುಡುಗನ ಅಜ್ಜ ಊರಿಗೆಲ್ಲ ಕಾಗದ ಪತ್ರ ಬರೆದುಕೊಡುವ ಹಣ್ಣುಹಣ್ಣು ಮುದುಕ. ಹುಡುಗನ ತಾಯಿ ಮರಾಠಿ ಸೀಮೆಯಿಂದ ಬಂದವರು, ಎತ್ತರದ ಆಳು, ದೊಡ್ಡ ದನಿ. ಅವರನ್ನು ಎಲ್ಲರೂ ಬೀಗಿತಿ, ಬೀಗಿತಿ ಎನ್ನುತ್ತಿದ್ದೆವು. ಉಡಿ ತುಂಬುವ ಹೊತ್ತಾಯಿತು. ಅಜ್ಜ ಸೊಸೆಯನ್ನು ಕರೆದರು.

"ಗುಲಾಬಬಾಯಿ, ಸೀರಿ ತಗೊಂಬಾರವ್ವ."

ನಾನು ಅತ್ತಿಯ ಮುಖ ನೋಡಿದೆ, ಅತ್ತಿ ಅವ್ವನ ಮುಖ ನೋಡಿದಳು. ನಾವು ಮೂವರೂ ಮಾವನ ಮುಖ ನೋಡಲು ಧೈರ್ಯ ಮಾಡಲಿಲ್ಲ. ಮಾವ ಎದ್ದು ನಿಂತಿದ್ದ.

"ಈ ಸಂಬಂಧ ಬ್ಯಾಡ್ರಿ," ಎಂದ.

ಗದ್ದಲವೋ ಗದ್ದಲ! ಹುಡುಗ ಬೆಪ್ಪಾಗಿ ಕೂತ. ಬೀಗರ ಕಡೆಯವರು ಹೊರಡಲು ಕಾಲಿನ ಜೋಡು ಹುಡುಕತೊಡಗಿದರು. ಮಾವ ಕೈ ಮುಗಿದು, ತಡವರಿಸಿ, ಚೀಟಿಯ ವಿಷಯ ಹೇಳಿದ. ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಗುಲಾಬಬಾಯಿ ನಗಲಿಲ್ಲ. ಸೀರೆ ಹಿಡಿದ ಕೈ ಹಾಗೇ ಇತ್ತು, ಕಣ್ಣಲ್ಲಿ ನೀರು ಬಂದಿತ್ತು.

"ನನ್ನ ಹೆಸರು ನಮ್ಮಪ್ಪ ಇಟ್ಟಿದ್ದು ಬೀಗರಽ. ನಾನೂ ಹಡದಾಕಿ. ನಿಮ್ಮ ಮಗಳಿಗಿ ನಾ ಕೇಡು ಮಾಡ್ತೀನಿ ಅಂತ ಚೀಟಿದಾಗ ಬರದಾರೇನು? ಬರದಾರಂದ್ರ ತೋರಸ್ರಿ. ನಾವು ಈಗೇ ಎದ್ದು ಹೋಗ್ತೀವಿ."

"ತಾಯತ ಬಿಚ್ಚಂಗಿಲ್ರಿ," ಎಂದ ಮಾವ. ಅವನ ದನಿ ಅಳುತ್ತಿತ್ತು.

ಆಗ ಒಳಗಿನ ಬಾಗಿಲಲ್ಲಿ ನಿಂತಿದ್ದ ಚಿಮಣಿ ನಡೆದುಬಂದಳು. ರಟ್ಟೆಯ ದಾರವನ್ನು ಹಲ್ಲಿನಿಂದ ಕಡಿದಳು. ಮಾವ "ಬ್ಯಾಡ ಮಗಳಽ, ಬ್ಯಾಡ" ಎಂದು ಕೈ ಚಾಚುವಷ್ಟರಲ್ಲಿ ತಾಯತವನ್ನು ಅಜ್ಜನ ಅಂಗೈಯಲ್ಲಿ ಇಟ್ಟಳು.

"ಓದಲಿ ಬಿಡಪಾ. ಏನದ ಅಂತ ನನಗರೆ ಗೊತ್ತಾಗ್ಲಿ," ಎಂದಳು.

ಅಜ್ಜ ಮೊಳೆಯಿಂದ ತಗಡು ಬಿಡಿಸಿದರು. ಚೀಟಿ ಹಳದಿಗಟ್ಟಿತ್ತು, ಆದರೆ ಮಸಿ ಮಾಸಿರಲಿಲ್ಲ. ಮುದುಕರು ಚಾಳೀಸು ಒರೆಸಿ ಹಾಕಿಕೊಂಡು ಚೀಟಿಯನ್ನು ಕಣ್ಣಿಂದ ದೂರ ಹಿಡಿದರು, ಹತ್ತಿರ ಹಿಡಿದರು. ನನಗಂತೂ ಏಳು ವರ್ಷದ ಆ ಜಡೆಯೇ ಕಣ್ಣ ಮುಂದೆ ಬಂತು. ಖರೆಯಾಗಿಯೂ ಬರೆದಿದ್ದರೆ?

"ಇದನ್ನ ನಿಮಗ ಯಾರು ಓದಿ ಹೇಳಿದ್ರು?" ಎಂದು ಅಜ್ಜ ಕೇಳಿದರು.

ಮಾವ ಹೇಳಿದ. ಮೂಲ, ಗೀ, ಫುಲಾ, ಗತ, ಜಪಾವೀ. ಒಂದೊಂದು ತುಂಡನ್ನೂ ಹದಿನೆಂಟು ವರ್ಷ ನೆನಪಿಟ್ಟುಕೊಂಡಿದ್ದ.

"ತಪ್ಪು ಜಾಗಾದಾಗ ಕಡದಾನಲ್ಲೋ ಆ ಗುಮಾಸ್ತ! ಮೂಲ ಎಲ್ಲದ ಇಲ್ಲಿ? ಕೂಡಿಸಿ ಓದಬೇಕು. ಮುಲಗೀ. ಮುಲಗೀ ಅಂದ್ರ ಹುಡುಗಿ. ಫುಲಾಗತ, ಅಂದ್ರ ಹೂವಿನಂಗ. ಮುಲಗೀ ಫುಲಾಗತ ಜಪಾವೀ. ಹುಡುಗಿನ್ನ ಹೂವಿನಂಗ ಜ್ವಾಕಿ ಮಾಡಬೇಕು ಅಂತ ಬರದಾರ. ಬ್ಯಾರೆ ಏನೂ ಇಲ್ಲ."

ಮೊದಲು ನಕ್ಕವರು ಗುಲಾಬಬಾಯಿ. ಅವರ ನಗುವೂ ದೊಡ್ಡದೇ. ಆಮೇಲೆ ಎಲ್ಲರೂ ನಕ್ಕರು; ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೋ ಅಳುತ್ತಾಳೋ ತಿಳಿಯದಂತೆ ಕುಲುಕಾಡಿದಳು. ಆ ಗದ್ದಲದಲ್ಲಿ ನಾನು, "ಮಾವಾ, ಅವತ್ತ ಜ್ವರ ಬಂದಾಗ ನಾನೇ ಗುಲಾಬಿ ಮುಡಿಸಿದ್ದೆ!" ಎಂದು ಕೂಗಿ ಹೇಳಿಬಿಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವ್ವ ಮಾತ್ರ ಕೇಳಿಸಿಕೊಂಡು ತೊಡೆ ಚಿವುಟಿದಳು. ಗುಲಾಬಬಾಯಿ ಚಿಮಣಿಯನ್ನು ಎಳೆದು ಕೂರಿಸಿಕೊಂಡು ಉಡಿ ತುಂಬಿ, ತಮ್ಮ ತುರುಬಿನಿಂದಲೇ ಒಂದು ಗುಲಾಬಿ ತೆಗೆದು ಅವಳ ಜಡೆಗೆ ಇಟ್ಟರು. ಆ ಹೂವನ್ನು ಅವರು ಅಷ್ಟು ಹೊತ್ತು ಸೆರಗು ಹೊದ್ದು ಮುಚ್ಚಿಕೊಂಡಿದ್ದರು. ಮಾವನ ಚಿತ್ರವಿಚಿತ್ರ ಸ್ವಭಾವದ ಸುದ್ದಿ ಹುಲಸೂರಿಗೂ ಮುಟ್ಟಿತ್ತೆಂದು ಕಾಣುತ್ತದೆ!

ಮಾವ ನಗಲಿಲ್ಲ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಹದಿನೆಂಟು ವರ್ಷ ಮಗಳಿಗೆ ಹೂವು ತಪ್ಪಿಸಿದ್ದಕ್ಕೆ ಮನಸ್ಸು ನೋಯುತ್ತಿರಬೇಕೆಂದು ನಾವೆಲ್ಲ ತಿಳಿದೆವು. ಮದುವೆಯಲ್ಲಿ ಅದನ್ನೆಲ್ಲ ಬಡ್ಡಿ ಸಮೇತ ತೀರಿಸುವವನಂತೆ ಎಲ್ಲೆಲ್ಲಿಂದಲೋ ಗುಲಾಬಿ ತರಿಸಿ, ಒಂದೊಂದರ ಮುಳ್ಳನ್ನೂ ತಾನೇ ಮುರಿದು, ದಂಡೆ ಕಟ್ಟಿದ. ಚಿಮಣಿಯ ಮುಖವೇ ಕಾಣುತ್ತಿರಲಿಲ್ಲ, ಅಷ್ಟು ಹೂವು! ಮುನ್ಷಿ ಸಾಹೇಬರು ಬಂದು, "ಗುಲ್ ಅಂದ್ರ ಇದು ನೋಡಪಾ," ಎಂದು ಹರಸಿ ಹೋದರು.

ಸಂಜೆಗೆ ಹುಲಸೂರಿನ ಬಂಡಿಗಳು ಹೊರಟವು. ಜನ ಚದುರಿದರು. ನಾನು ನನ್ನ ಆರು ತಿಂಗಳ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ತೋಟದ ಕಟ್ಟೆಗೆ ಬಂದು ಕೂತೆ. ಮಾವ ಅಲ್ಲೇ ಇದ್ದ. ಕಣ್ಣು ಒಣಗಿದ್ದವು, ಮುಖ ಮಾತ್ರ ನಾನು ಎಂದೂ ನೋಡದಷ್ಟು ಹೆದರಿತ್ತು.

"ಮಾವಾ, ಇನ್ನರೆ ಅರಾಮ ಇರು. ಹೆದರಿಕಿ ಹೋತಲ್ಲ," ಎಂದೆ.

ಅವನು ಕೆಳಗೆ ಬಿದ್ದಿದ್ದ ಒಂದು ಗುಲಾಬಿಯನ್ನು ಎತ್ತಿ ಎಸಳು ಬಿಡಿಸುತ್ತ ಕೂತ.

"ಮೂರು ಕೂಸು ಹೋದ್ವು ಯವ್ವಾ," ಎಂದ ಆಮೇಲೆ. "ಯಾವುದಕ್ಕ ಹೆದರಬೇಕು ಅಂತ ಯಾರೂ ಹೇಳಲಿಲ್ಲ. ಗಾಳಿಗಿ ಹೆದರಿದ್ವಿ, ನೀರಿಗಿ ಹೆದರಿದ್ವಿ, ಹಾಲು ಕುಡಸಾಕ ಹೆದರಿದ್ವಿ. ಇಕಿದೊಂದು ಹೇಳಿದ್ರು, ಹೂವಿಗಿ ಹೆದರು ಅಂತ. ಹೂವ ಅಲ್ಲೇನು, ಕಿತ್ತು ಒಗೀಬಹುದು. ನನಗ ಎಷ್ಟು ಸಮಾಧಾನ ಇತ್ತು ನಿನಗ ಗೊತ್ತಿಲ್ಲ."

ನಾನು ಮಗನ ಮೇಲೆ ಸೆರಗು ಹೊದಿಸಿದೆ.

"ಈಗ ಚೀಟಿದಾಗ ಏನೂ ಇಲ್ಲಂತ. ಅಕಿ ಹುಲಸೂರಿಗಿ ಹೋದಳು. ನಾ ಇನ್ನ ಯಾವುದಕ್ಕಂತ ಹೆದರ್ಲಿ?"

ತೊಡೆಯ ಮೇಲಿನ ಮಗ ತುಂಬ ಹೊತ್ತಿನಿಂದ ಅಲುಗಾಡದೆ ಮಲಗಿದ್ದ. ನನಗರಿಯದೆ ಬಗ್ಗಿ ಅವನ ಮೂಗಿನ ಹತ್ತಿರ ಬೆರಳು ಹಿಡಿದೆ. ಮಾವ ನನ್ನನ್ನು ನೋಡಿದ. ತಾನೂ ಬಗ್ಗಿ, ಒರಟು ಬೆರಳನ್ನು ನನ್ನ ಬೆರಳ ಪಕ್ಕದಲ್ಲಿ ಹಿಡಿದ.

"ಉಸರು ಆಡಾಕತ್ತದ," ಎಂದ ಮೆಲ್ಲಗೆ.